ಭೂದಾಖಲೆಗಳಲ್ಲಿ ನಮ್ಮ ಮನೆತನಗಳ ಇತಿಹಾಸ

ತುಳುನಾಡಿನ ಜೈನ ಮನೆತನಗಳ ಚರಿತ್ರೆಯನ್ನು ಬರೆಯಲು ಹೊರಟವರು ಸಾಮಾನ್ಯವಾಗಿ ಎರಡು ಆಧಾರಗಳನ್ನು ಹಿಡಿದುಕೊಳ್ಳುವರು. ಒಂದು, ಬಸದಿಯ ಅಂಗಳದಲ್ಲಿ ನಿಂತಿರುವ ಶಿಲಾಶಾಸನ. ಇನ್ನೊಂದು, ಮನೆಯ ಹಿರಿಯರ ಬಾಯಿಮಾತು. ಶಾಸನಗಳಲ್ಲಿ ಅರಸರಿರುವರು, ದಾನಿಗಳಾದ ಸೆಟ್ಟಿಗಳಿರುವರು. ಬಾಯಿಮಾತಾದರೋ ಅಜ್ಜಿಯ ಅಜ್ಜಿಯವರೆಗೆ ಹೋಗಿ ನಿಂತುಬಿಡುವುದು. ಇವೆರಡರ ನಡುವೆ ಇನ್ನೂರು ಮುನ್ನೂರು ವರ್ಷಗಳ ಕತ್ತಲೆಯೊಂದು ಉಳಿಯುತ್ತದೆ. ಆ ಕಾಲದಲ್ಲಿ ನಮ್ಮವರು ಇರಲಿಲ್ಲವೇ? ಇದ್ದರು. ಗದ್ದೆಗಳನ್ನು ಗೇಣಿಗೆ ಕೊಟ್ಟರು, ಅಡವು ಇಟ್ಟರು, ಬಿಡಿಸಿಕೊಂಡರು, ಪಾಲಾದರು, ತಮ್ಮ ತಮ್ಮಲ್ಲಿಯೇ ವ್ಯಾಜ್ಯವನ್ನೂ ಹೂಡಿದರು. ಅದೆಲ್ಲವೂ ಕಾಗದದಲ್ಲಿ ಉಳಿದಿದೆ. ಗೇಣಿಚೀಟು, ಅಡವುಪತ್ರ, ವಿಭಾಗಪತ್ರ, ಪಟ್ಟೆ, ಅಡಂಗಲ್ಲು ಎಂಬ ಹೆಸರಿನ ಈ ಕಾಗದಗಳನ್ನು ನಾವು ಆಸ್ತಿಯ ಪುರಾವೆ ಎಂದು ಮಾತ್ರ ಬಲ್ಲೆವು. ಅವು ಮನೆತನದ ಪುರಾವೆಯೂ ಹೌದು ಎಂಬುದನ್ನು ಯೋಚಿಸಿದವರು ಕಡಿಮೆ. ಆಸ್ತಿ ಕೈಬಿಟ್ಟ ಮೇಲೆ ಕಾಗದವೇಕೆ ಎಂಬ ಭಾವನೆಯಿಂದ ಅವು ನಮ್ಮ ಮನೆಗಳಿಂದ ಬೇಗ ಬೇಗನೆ ಹೊರಟುಹೋಗುತ್ತಿರುವುದರಿಂದ, ಈ ಸಂಚಿಕೆಯಲ್ಲಿ ಆ ವಿಷಯವಾಗಿ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ನಾನು ವಿದ್ವಾಂಸನಲ್ಲ. ಮೆಟ್ರಿಕ್ ಮುಗಿಸಿ ಅಂಗಡಿಯ ಗಲ್ಲದಲ್ಲಿ ಕುಳಿತವನು. ಆದರೆ ಲೆಕ್ಕದ ಪುಸ್ತಕವನ್ನು ಓದಿ ಬದುಕಿದವನಿಗೆ ಕಾಗದದ ಸ್ವಭಾವ ಸ್ವಲ್ಪಮಟ್ಟಿಗೆ ತಿಳಿದಿರುತ್ತದೆ. ಹೊಗಳಿಕೆಗಾಗಿ ಬರೆದ ವಂಶಾವಳಿಯಲ್ಲಿ ಏನು ಬೇಕಾದರೂ ಸೇರಬಹುದು. ಹಣ ಕೈಬದಲಾಯಿಸುವ ಕಾಗದದಲ್ಲಿ ಹಾಗಾಗುವುದಿಲ್ಲ. ಅಲ್ಲಿ ಮೊತ್ತದ ವಿಷಯದಲ್ಲಿ ಸುಳ್ಳಿರಬಹುದು. ಯಾರ ಸಹಿ ಬೇಕು, ಯಾರ ಹಕ್ಕು ತಪ್ಪಿದರೆ ನಾಳೆ ತಕರಾರು ಬರುತ್ತದೆ ಎಂಬ ವಿಷಯದಲ್ಲಿ ಹಣ ಕೊಡುವವನು ಎಚ್ಚರ ತಪ್ಪುವುದಿಲ್ಲ. ಆದುದರಿಂದ ಒಂದು ಮನೆತನದಲ್ಲಿ ಇಂಥ ಕಾಲದಲ್ಲಿ ಯಾರು ಯಾರು ಬದುಕಿದ್ದರು, ಅವರಿಗೆ ಪರಸ್ಪರ ಏನು ಸಂಬಂಧ ಎಂಬುದಕ್ಕೆ ಒಂದು ಹಳೆಯ ಅಡವುಪತ್ರದಷ್ಟು ನಂಬಿಕೆಗೆ ಅರ್ಹವಾದ ಸಾಕ್ಷಿ ಬೇರೆಯಿಲ್ಲವೆಂದು ನನ್ನ ಅಭಿಪ್ರಾಯ.

ಶಾಸನಗಳನ್ನು ಕೂಡ ಈ ದೃಷ್ಟಿಯಿಂದ ನೋಡಬಹುದು. ನಾವು ಶಾಸನವೆಂದೊಡನೆ ಬಸದಿಯನ್ನು ಕಟ್ಟಿಸಿದ ಪುಣ್ಯವನ್ನು ನೆನೆಯುತ್ತೇವೆ. ಆದರೆ ಅವುಗಳಲ್ಲಿ ಬಹುಪಾಲು ಭೂಮಿಯ ದಾಖಲೆಗಳೇ. ಕಾರ್ಕಳದ ಚತುರ್ಮುಖ ಬಸದಿಯ ೧೫೮೬ರ ಶಾಸನವು ಬಸದಿಯ ನಿತ್ಯಪೂಜಾದಿಗಳಿಗಾಗಿ ತೆಳ್ಳಾರು ಗ್ರಾಮವನ್ನು ಬಿಟ್ಟುಕೊಟ್ಟ ದಾನಪತ್ರವಾಗಿದೆ. ಅದೇ ಶಾಸನದಲ್ಲಿ ದಾನಿಯಾದ ಇಮ್ಮಡಿ ಭೈರರಸನು ತನ್ನನ್ನು ಹಿಂದಿನ ಭೈರರಸನ ತಂಗಿ ಗುಮ್ಮಟಾಂಬೆಯ ಮಗನೆಂದು ಹೇಳಿಕೊಂಡಿದ್ದಾನೆ. ಪಟ್ಟವು ಸೋದರಮಾವನಿಂದ ಅಳಿಯನಿಗೆ ಬಂದುದು ಇದರಿಂದ ಸ್ಪಷ್ಟವಾಗುತ್ತದೆ. ಭೂಮಿಯನ್ನು ದಾನಮಾಡಲು ತನಗೆ ಅಧಿಕಾರವಿದೆಯೆಂದು ತೋರಿಸಬೇಕಾದರೆ, ಅರಸನಾದರೂ ತನ್ನ ತಾಯಿಯ ಹೆಸರನ್ನು ಹೇಳಲೇಬೇಕಾಗಿತ್ತು. ಈ ಒಂದು ಅಂಶವನ್ನು ನೆನಪಿನಲ್ಲಿಟ್ಟುಕೊಂಡರೆ ನಮ್ಮ ಮನೆಗಳ ಕಾಗದಪತ್ರಗಳನ್ನು ಓದುವ ಕೀಲಿಕೈ ಕೈಗೆ ಬಂದಂತೆ.

ಏಕೆಂದರೆ ನಮ್ಮ ಜಿಲ್ಲೆಯ ಜೈನರಲ್ಲಿ ಬಹುಪಾಲು ಮನೆತನಗಳು ಅಳಿಯಸಂತಾನ ಕಟ್ಟಿನವು. ಪುರೋಹಿತರಾದ ಇಂದ್ರರು ಮಕ್ಕಳಸಂತಾನದವರು. ಇದನ್ನು ಅರಿಯದೆ ಪಟ್ಟೆಗಳನ್ನು ಸಾಲಾಗಿ ಜೋಡಿಸಿಕೊಂಡು ವಂಶವೃಕ್ಷ ಬರೆದರೆ ಅದು ತಲೆಕೆಳಗಾಗುವುದರಲ್ಲಿ ಸಂಶಯವಿಲ್ಲ. ಖಾತೆಯಲ್ಲಿ ಒಬ್ಬ ಹೆಗ್ಗಡೆಯವರ ನಂತರ ಇನ್ನೊಬ್ಬ ಹೆಗ್ಗಡೆಯವರ ಹೆಸರು ಬಂದರೆ, ಘಟ್ಟದ ಮೇಲಿನವರು ತಂದೆ ಮಕ್ಕಳೆಂದು ತಿಳಿಯುವರು. ಇಲ್ಲಿ ಅವರು ಮಾವ ಅಳಿಯಂದಿರು. ಅವರಿಬ್ಬರ ನಡುವೆ ಖಾತೆಯಲ್ಲಿ ಕಾಣದ ಒಬ್ಬ ಹೆಣ್ಣುಮಗಳಿರುವಳು. ಅವಳೇ ವಂಶದ ನಿಜವಾದ ಕೊಂಡಿ. ಮನೆಯಲ್ಲಿ ಯಜಮಾನರುಗಳ ಭಾವಚಿತ್ರಗಳನ್ನು ಸಾಲಾಗಿ ತೂಗುಹಾಕಿರುತ್ತೇವೆ. ಆದರೆ ಆ ಯಜಮಾನರನ್ನು ಹೆತ್ತು ಸಂತಾನವನ್ನು ಮುಂದುವರಿಸಿದ ತಾಯಂದಿರ ಹೆಸರನ್ನು ಕೇಳಿದರೆ ಹೇಳುವವರಿಲ್ಲ. ಅವರ ಹೆಸರಿರುವುದು ಭೂಮಿಯ ಕಾಗದಗಳಲ್ಲಿ ಮಾತ್ರ.

ಇನ್ನೊಂದು ತೊಡಕೆಂದರೆ ಹೆಸರುಗಳದು. ಹೆಗ್ಗಡೆ, ಬಲ್ಲಾಳ, ಚೌಟ ಮುಂತಾದ ಹೆಸರುಗಳು ಜೈನರಲ್ಲಿಯೂ ಬಂಟರಲ್ಲಿಯೂ ಇರುವುವು. ಅಲ್ಲದೆ ಬೀಡುಗಳಲ್ಲಿಯೂ ಗುತ್ತುಗಳಲ್ಲಿಯೂ ಗಡಿಪಟ್ಟವಾದವನು ತನ್ನ ಹುಟ್ಟುಹೆಸರನ್ನು ಬಿಟ್ಟು ಪಟ್ಟದ ಹೆಸರಿನಿಂದಲೇ ಕರೆಯಲ್ಪಡುತ್ತಿದ್ದುದರಿಂದ, ನೂರು ವರ್ಷಗಳ ಕಾಗದಗಳಲ್ಲಿ ಒಂದೇ ಹೆಸರು ಕಂಡುಬರುವುದುಂಟು. ಅದು ಒಬ್ಬನೇ ದೀರ್ಘಾಯುಷಿಯಲ್ಲ, ಮೂವರು ಇಲ್ಲವೆ ನಾಲ್ವರು ಇರಬಹುದು. ಅವರನ್ನು ಬೇರೆ ಬೇರೆ ಮಾಡಿ ಗುರುತಿಸಲು ಒಂದೇ ಉಪಾಯ: ಪತ್ರದ ಆರಂಭದಲ್ಲಿ ‘ಇಂಥವರ ಅಳಿಯ’ ಎಂದೋ ‘ಇಂಥವರ ಮಗ’ ಎಂದೋ ಬರೆದಿರುವ ಮಾತನ್ನು ಬಿಡದೆ ನೋಡಬೇಕು. ತಾಯಿಯ ಹೆಸರು ಹೇಳಿದ್ದರಂತೂ ಅದು ಬಂಗಾರ.

ಕುಟುಂಬದ ಹೆಂಗಸರ ಹೆಸರುಗಳು ಒಟ್ಟಾಗಿ ಸಿಗುವ ಕಾಗದವೆಂದರೆ ವಿಭಾಗಪತ್ರ. ಅಳಿಯಸಂತಾನ ಕುಟುಂಬದ ಆಸ್ತಿಯನ್ನು ಎಲ್ಲರ ಒಪ್ಪಿಗೆಯಿಲ್ಲದೆ ಪಾಲುಮಾಡುವಂತಿಲ್ಲವೆಂಬುದು ಹಿಂದಿನ ನ್ಯಾಯಾಲಯಗಳು ಒಪ್ಪಿಕೊಂಡ ಪದ್ಧತಿಯಾಗಿತ್ತು. ೧೯೪೯ರ ಮದರಾಸು ಅಳಿಯಸಂತಾನ ಕಾಯಿದೆಯು ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ಒಬ್ಬ ತಾಯಿಯಿಂದ ಇಳಿದುಬಂದ ಸಂತಾನದ ಶಾಖೆಗೆ ಕವರು ಎಂದು ಹೆಸರೆಂಬುದನ್ನು ಇಂದಿನ ಕಿರಿಯರಿಗಾಗಿ ಹೇಳಬೇಕಾಗಿದೆ. ಈ ಕಾಯಿದೆಯಲ್ಲಿ ಸಂತತಿ ಕವರು, ನಿಸ್ಸಂತತಿ ಕವರು ಎಂದು ಎರಡು ಬಗೆ ಮಾಡಲಾಗಿತ್ತು. ಐವತ್ತು ವರ್ಷ ಪೂರ್ತಿಯಾಗದ ಒಬ್ಬ ಹೆಣ್ಣುಮಗಳಾದರೂ ಇರುವ ಕವರು ಸಂತತಿ ಕವರು. ಅಂಥವಳು ಇಲ್ಲದಿದ್ದರೆ ಅದು ನಿಸ್ಸಂತತಿ. ಅದರ ಹಕ್ಕಿನ ರೀತಿಯೂ ಬೇರೆ. ಹೀಗಾಗಿ ಪಾಲಿನ ಸಂದರ್ಭದಲ್ಲಿ ಹೆಂಗಸರ ವಯಸ್ಸು ಬಹಳ ಮಹತ್ತ್ವದ್ದಾಯಿತು. ಹುಟ್ಟಿದ ದಿನವನ್ನು ಯಾರೂ ಬರೆದಿಡದ ಕಾಲದಲ್ಲಿ ಹುಟ್ಟಿದ ಅಜ್ಜಿಯಂದಿರ ಹೆಸರೂ ವಯಸ್ಸೂ, ಅವರು ಯಾರ ಮಕ್ಕಳೆಂಬುದೂ, ೧೯೪೯ರಿಂದ ಈಚೆಗಿನ ವಿಭಾಗಪತ್ರಗಳಲ್ಲಿ ಮತ್ತು ಪಾಲಿನ ದಾವೆಗಳ ಫಿರ್ಯಾದಿಗಳಲ್ಲಿ ವಿವರವಾಗಿ ದೊರೆಯುವುದಕ್ಕೆ ಇದೇ ಕಾರಣ. ದಾವೆಯ ಫಿರ್ಯಾದಿಗೆ ವಂಶವೃಕ್ಷವನ್ನೇ ಲಗತ್ತಿಸುತ್ತಿದ್ದುದುಂಟು. ಮನೆ ಒಡೆದ ಕಾಗದದಲ್ಲಿಯೇ ಮನೆಯ ಪೂರ್ತಿ ಚಿತ್ರವಿರುವುದು ವಿಚಿತ್ರವೆನಿಸಿದರೂ ಸತ್ಯ.

ನನ್ನ ತಾಯಿಯ ಮನೆಯ ವಿಷಯದಲ್ಲಿ ಹೀಗೆಯೇ ಆಯಿತು. ನಮ್ಮ ಕವರಿನ ಮೂಲ ಹೆಣ್ಣುಮಗಳು ಯಾರೆಂದು ಮನೆಯಲ್ಲಿ ಎರಡು ಅಭಿಪ್ರಾಯವಿತ್ತು. ಪಾಲಿನ ಪತ್ರದ ನಕಲನ್ನು ತೆಗೆಸಿ ನೋಡಿದಾಗ, ಅಕ್ಕ ತಂಗಿಯರು ಮೂವರೆಂದೂ, ನಡುವಿನವಳ ಸಂತತಿ ಘಟ್ಟ ಹತ್ತಿ ಕಾಫಿ ತೋಟದ ಸೀಮೆಯಲ್ಲಿ ನೆಲೆಸಿತೆಂದೂ ಗೊತ್ತಾಯಿತು. ಆ ಶಾಖೆಯವರು ಈಗಲೂ ಇದ್ದಾರೆ. ನಮಗೂ ಅವರಿಗೂ ಸೂತಕದ ಸಂಬಂಧವಿದೆಯೆಂಬುದನ್ನು ಎರಡು ತಲೆಮಾರುಗಳಿಂದ ಯಾರೂ ಅರಿತಿರಲಿಲ್ಲ.

೧೯೫೬ರ ಜೂನ್ ೧೭ರಂದು ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಗೆ ಬಂದಿತು. ಅದು ಜೈನರಿಗೂ ಅನ್ವಯಿಸುವುದು. ಅಂದಿನಿಂದ ಅಳಿಯಸಂತಾನ ಕುಟುಂಬದ ಸದಸ್ಯನು ತೀರಿಕೊಂಡಾಗ ಅವನ ಪಾಲಿನ ಹಕ್ಕು ಆ ಕಾಯಿದೆಯ ಪ್ರಕಾರ ಹೋಗತೊಡಗಿತು. ಅಂದರೆ ಸ್ವಂತ ಹೆಂಡತಿ ಮಕ್ಕಳ ಹೆಸರುಗಳು ಖಾತೆಯೊಳಗೆ ಕಾಣಿಸಿಕೊಂಡವು. ಆದುದರಿಂದ ಸಂಶೋಧನೆಗೆ ಹೊರಟವರು ಮೊದಲು ತಮ್ಮ ಕೈಯಲ್ಲಿರುವ ಕಾಗದ ೧೯೫೬ಕ್ಕೆ ಹಿಂದಿನದೋ ಮುಂದಿನದೋ ಎಂದು ನೋಡಿಕೊಳ್ಳಬೇಕು. ಎರಡನ್ನೂ ಒಂದೇ ರೀತಿಯಲ್ಲಿ ಓದಬಾರದು.

ಇನ್ನು ಹಳೆಯ ಕಾಲದ ಲೆಕ್ಕಗಳ ವಿಷಯ. ಶಾನುಭೋಗರು ಹಿಂದೆ ಕಡತಗಳಲ್ಲಿ ಲೆಕ್ಕ ಬರೆಯುತ್ತಿದ್ದರು. ಇಂದು ಸರಕಾರಿ ಕಚೇರಿಯ ಫೈಲಿಗೆ ಕಡತವೆನ್ನುವೆವು. ನಿಜವಾದ ಕಡತವೆಂದರೆ ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಲಿನ ಪುಡಿಯನ್ನು ಬಳಿದು ಕಪ್ಪಗೆ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುವ ಪುಸ್ತಕ. ಟಿಪ್ಪುವಿನ ಪತನಾನಂತರ ೧೭೯೯ರಲ್ಲಿ ಕೆನರಾ ಜಿಲ್ಲೆ ಇಂಗ್ಲಿಷರ ಕೈಸೇರಿದಾಗ ಅದರ ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಇಂಥ ಹಳೆಯ ಲೆಕ್ಕಗಳನ್ನು ತರಿಸಿ ನೋಡಿದನು. ಇಲ್ಲಿಯ ಭೂಮಿ ಸರಕಾರದ್ದಲ್ಲ, ಪೂರ್ವಿಕರಿಂದ ಬಂದ ಖಾಸಗಿ ಸ್ವತ್ತು ಎಂದು ೧೮೦೦ರಲ್ಲಿ ವರದಿ ಮಾಡಿದನು. ಮೂಲಿ ಹಕ್ಕು ಎಂಬ ಮಾತಿಗೆ ಸರಕಾರದ ಮನ್ನಣೆ ದೊರೆತುದು ಹೀಗೆ.

ಆ ಕಾಲದ ಲೆಕ್ಕದ ಘಟಕಕ್ಕೆ ವರ್ಗವೆಂದು ಹೆಸರು. ಒಂದು ವರ್ಗದೊಳಗೆ ಬೇರೆ ಬೇರೆ ಕಡೆ ಚದರಿಹೋದ ಬೈಲು, ಮಜಲು, ಬೆಟ್ಟು ಗದ್ದೆಗಳೂ ತೋಟವೂ ಸೇರಿರುತ್ತಿದ್ದವು. ನಕ್ಷೆಯಿಲ್ಲ, ಎಕರೆ ಸೆಂಟ್ಸುಗಳ ಲೆಕ್ಕವಿಲ್ಲ. ಇಷ್ಟು ಮುಡಿ ಬೀಜ ಬಿತ್ತುವ ಜಾಗ, ಇಷ್ಟು ಮುಡಿ ಅಕ್ಕಿ ಗೇಣಿ ಬರುವ ಜಾಗ ಎಂದು ಹೇಳುವುದಷ್ಟೇ. ಹದಿನಾಲ್ಕು ಸೇರು ಒಂದು ಕಳಸಿಗೆ, ಮೂರು ಕಳಸಿಗೆ ಒಂದು ಮುಡಿಯೆಂಬುದು ಹಳಬರಿಗೆ ಬಾಯಿಪಾಠ. ವರ್ಗವು ಎಂದೋ ತೀರಿಹೋದ ವರ್ಗದಾರನ ಹೆಸರಿನಲ್ಲಿಯೇ ಎರಡು ಮೂರು ತಲೆಮಾರು ಮುಂದುವರಿಯುತ್ತಿತ್ತು. ತೀರ್ವೆ ಸಂದಾಯವಾದರೆ ಸಾಕು, ಹೆಸರು ಯಾರದಾದರೇನೆಂದು ಶಾನುಭೋಗನೂ ಮನೆಯವರೂ ಸುಮ್ಮನಿರುತ್ತಿದ್ದರು. ಇದರಿಂದ ಒಂದು ಎಚ್ಚರಿಕೆ: ಖಾತೆ ಬದಲಾದ ವರ್ಷವನ್ನು ಯಾರ ಮರಣದ ವರ್ಷವೆಂದೂ ಹಿಡಿಯಕೂಡದು. ಇಂದಿಗೂ ನಮ್ಮಲ್ಲಿ ಅಜ್ಜನ ಹೆಸರಿನಲ್ಲಿರುವ ಪಹಣಿಗಳು ಎಷ್ಟಿಲ್ಲ!

ಜಿಲ್ಲೆಯ ಸರ್ವೆ ಮತ್ತು ಸೆಟ್ಲ್‌ಮೆಂಟ್ ಕಾರ್ಯ ೧೯ನೆಯ ಶತಮಾನದ ಕೊನೆಯಲ್ಲಿ ಆರಂಭವಾಗಿ ೨೦ನೆಯ ಶತಮಾನದ ಮೊದಲ ವರ್ಷಗಳಲ್ಲಿ ಮುಗಿಯಿತು. ಆಗ ವರ್ಗ ಒಡೆದು ಸರ್ವೆ ನಂಬರುಗಳಾದವು. ಸೆಟ್ಲ್‌ಮೆಂಟ್ ರಿಜಿಸ್ಟರಿನಲ್ಲಿ ಪ್ರತಿಯೊಂದು ನಂಬರಿನ ಎದುರು ಪಟ್ಟೆದಾರನ ಹೆಸರಿದೆ. ನಮ್ಮ ಮನೆತನಗಳ ಮಟ್ಟಿಗೆ ಇದೊಂದು ದೊಡ್ಡ ಸೇತುವೆ. ಇದಕ್ಕೆ ಹಿಂದಿನ ಪತ್ರಗಳಲ್ಲಿ ಗದ್ದೆಗಳ ಹೆಸರು ಮಾತ್ರ ಇರುವುದು: ಬಾಕಿಮಾರು, ಕಂಬಳಗದ್ದೆ, ಬಸದಿಗದ್ದೆ ಇತ್ಯಾದಿ. ಇದಕ್ಕೆ ಮುಂದಿನವುಗಳಲ್ಲಿ ನಂಬರು ಮಾತ್ರ. ಹೆಸರನ್ನೂ ನಂಬರನ್ನೂ ಜೋಡಿಸಬಲ್ಲವರು ಆ ಗದ್ದೆಯನ್ನು ಉತ್ತ ಮುದುಕರು. ಸರ್ವೆ ನಕ್ಷೆಯ ಒಂದು ನಕಲನ್ನು ತೆಗೆದುಕೊಂಡು ಅಂಥವರೊಡನೆ ಗದ್ದೆಯ ಅಂಚಿನಲ್ಲಿ ಒಂದು ಬೆಳಗು ನಡೆದರೆ, ಕಚೇರಿಯಲ್ಲಿ ಒಂದು ತಿಂಗಳು ಕುಳಿತರೂ ತಿಳಿಯದ ಸಂಗತಿ ತಿಳಿಯುವುದು. ಆದರೆ ಅಂಥವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಗದ್ದೆಗಳೂ ರಬ್ಬರು, ಅಡಕೆ ತೋಟಗಳಾಗಿ ಅಂಚು ಅಳಿಸಿಹೋಗಿವೆ.

ಕಚೇರಿಯ ಕೆಲಸಕ್ಕೆ ಹೋಗುವವರು ಸರ್ವೆ ನಂಬರನ್ನು ಮೊದಲೇ ಗೊತ್ತುಮಾಡಿಕೊಂಡು ಹೋಗಬೇಕು. ಹೆಸರು ಹೇಳಿ ಹುಡುಕಿಕೊಡಿರೆಂದರೆ ಯಾವ ಗುಮಾಸ್ತನೂ ಹುಡುಕಲಾರನು. ಮದರಾಸು ಪ್ರಾಂತದ ಕಾಲದ ಅಡಂಗಲ್ಲುಗಳಲ್ಲಿ ಯಾವ ಜಾಗದಲ್ಲಿ ಯಾವ ಬೆಳೆಯೆಂಬುದಿದೆ. ೧೯೬೪ರ ಭೂಕಂದಾಯ ಕಾಯಿದೆಯ ಅನಂತರದ ಪಹಣಿಗಳಲ್ಲಿ ಒಂಬತ್ತನೆಯ ಕಲಮಿನಲ್ಲಿ ಸ್ವಾಧೀನದಾರನ ಹೆಸರೂ, ಹನ್ನೆರಡನೆಯ ಕಲಮಿನಲ್ಲಿ ಸಾಗುವಳಿ ಮಾಡುವವನ ಹೆಸರೂ ಇರುವುದು. ಈಗಿನ ಗಣಕಯಂತ್ರದ ಪಹಣಿಯನ್ನು ನೋಡಿದರೆ ಇಂದಿನ ಸ್ಥಿತಿ ಮಾತ್ರ ತಿಳಿಯುವುದು. ನಮಗೆ ಬೇಕಾದುದು ೨೦೦೦ಕ್ಕೆ ಹಿಂದಿನ ಕೈಬರಹದ ಪಹಣಿ. ಅದನ್ನು ತಾಲೂಕು ಕಚೇರಿಯ ದಾಖಲೆಕೋಣೆಯಿಂದಲೇ ಕೇಳಿ ಪಡೆಯಬೇಕು. ಅಲ್ಲಿ ಕಾಯಬೇಕಾಗುವುದು. ಧೂಳು ಕುಡಿಯಬೇಕಾಗುವುದು. ಒಮ್ಮೆ ಬಂದುದಕ್ಕೆ ಕೆಲಸವಾಯಿತೆಂದು ಹೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ.

ಇದಕ್ಕಿಂತ ಫಲಕಾರಿಯಾದ ಸ್ಥಳ ಉಪನೋಂದಣಿ ಕಚೇರಿ. ೧೮೬೫ರಿಂದ ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಕ್ರಯ ಅಡವುಗಳನ್ನು ನೋಂದಣಿ ಮಾಡಿಸುವ ಕಟ್ಟಳೆ ಬಂದಿತು. ಸ್ಥಿರಾಸ್ತಿಯ ಪತ್ರಗಳನ್ನು ಒಂದನೆಯ ಪುಸ್ತಕದಲ್ಲಿಯೂ ಮರಣಶಾಸನಗಳನ್ನು ಮೂರನೆಯ ಪುಸ್ತಕದಲ್ಲಿಯೂ ನಕಲು ಮಾಡಿಡುವರು. ಹೆಸರಿನ ಸೂಚಿ ಬೇರೆ, ಜಾಗದ ಸೂಚಿ ಬೇರೆ. ಒಂದನೆಯ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದೆಂಬುದು ಕಾನೂನು. ಮರಣಶಾಸನದ ಪುಸ್ತಕ ಹಾಗೆ ಎಲ್ಲರಿಗೂ ತೆರೆದುದಲ್ಲ. ಹೆಸರಿನ ಸೂಚಿಯಲ್ಲಿ ಬರೆದುಕೊಟ್ಟವನ ಹೆಸರಷ್ಟೇ ಅಲ್ಲದೆ ಬರೆಸಿಕೊಂಡವನ ಹೆಸರೂ ಇರುವುದರಿಂದ, ನಮ್ಮ ಹಿರಿಯರು ಕೊಟ್ಟುದೂ ತೆಗೆದುಕೊಂಡುದೂ ಎರಡೂ ಸಿಗುವುವು.

ಪತ್ರವನ್ನು ಕೈಗೆ ತೆಗೆದುಕೊಂಡವರು ಜಾಗದ ವಿಸ್ತೀರ್ಣವನ್ನೂ ರೂಪಾಯಿಯನ್ನೂ ನೋಡಿ ಮಡಚಿಡುವರು. ಇತಿಹಾಸವಿರುವುದು ಉಳಿದ ಭಾಗದಲ್ಲಿ. ಚಕ್ಕುಬಂದಿಯನ್ನು ನೋಡಿರಿ: ಮೂಡಲಾಗಿ ಇಂಥವರ ತೋಟ, ತೆಂಕಲಾಗಿ ಬಸದಿಯ ಜಾಗ, ಪಡುವಲಾಗಿ ತೋಡು, ಬಡಗಲಾಗಿ ಇಂಥ ಹೆಗ್ಗಡ್ತಿಯವರ ಮೂಲಗೇಣಿ ಗದ್ದೆ. ನೆರೆಹೊರೆಯೆಲ್ಲ ಅಲ್ಲಿಯೇ ನಿಂತಿದೆ. ಒಂದೇ ಜಾಗದ ನಾಲ್ಕು ಕಾಲದ ನಾಲ್ಕು ಚಕ್ಕುಬಂದಿಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಯಾವ ಮನೆ ಎದ್ದಿತು, ಯಾವುದು ಅಳಿಯಿತು ಎಂಬುದು ತಾನಾಗಿ ತಿಳಿಯುತ್ತದೆ. ಸಾಕ್ಷಿ ಹಾಕಿದವರು ಬಹುಮಟ್ಟಿಗೆ ನಂಟರು ಇಲ್ಲವೆ ನೆರೆಯವರು. ಮದುವೆಯಿಂದ ಬಂದ ಸಂಬಂಧಗಳು ವಂಶಾವಳಿಯಲ್ಲಿ ಕಾಣದಿದ್ದರೂ ಸಾಕ್ಷಿಗಳ ಸಾಲಿನಲ್ಲಿ ಇಣುಕುವುದುಂಟು. ಬಿಕಲಂ ಎಂದು ಹೇಳಿ ಬರೆದವನ ಹೆಸರಿರುವುದು. ಸ್ಟಾಂಪು ಕಾಗದದ ಹಿಂಬದಿಯಲ್ಲಿ ಅದನ್ನು ಕೊಂಡವನ ಹೆಸರು, ಊರು, ತಾರೀಕು ಇರುವುದು.

ತಾರೀಕಿನ ವಿಷಯದಲ್ಲಿ ಒಂದು ಮಾತು. ಹಳೆಯ ಚೀಟುಗಳಲ್ಲಿ ಸಂವತ್ಸರದ ಹೆಸರು ಮತ್ತು ಸೋಣ, ಸುಗ್ಗಿ, ಪಗ್ಗು ಎಂದು ತುಳು ತಿಂಗಳ ಹೆಸರು ಮಾತ್ರ ಇರುವುದುಂಟು. ಸಂವತ್ಸರಗಳು ಅರುವತ್ತು ವರ್ಷಕ್ಕೊಮ್ಮೆ ಮರಳುವುವು. ಪ್ರಭವವೆಂದರೆ ೧೮೬೭–೬೮ ಆಗಬಹುದು, ೧೯೨೭–೨೮ ಆಗಬಹುದು. ಆಗ ಸ್ಟಾಂಪಿನ ಮೇಲೆ ರಾಣಿಯ ಮುಖವಿದೆಯೋ ರಾಜನ ಮುಖವಿದೆಯೋ ನೋಡಿದರೆ ತೀರ್ಮಾನವಾಗುತ್ತದೆ. ಹಣವನ್ನು ವರಹದಲ್ಲಿ ಹೇಳಿದ್ದರೆ ಇನ್ನೂ ಹಳೆಯದು; ಆಣೆ ಪೈಗಳಿದ್ದರೆ ೧೯೫೭ರ ಏಪ್ರಿಲಿನಲ್ಲಿ ನಯಾಪೈಸೆ ಬರುವುದಕ್ಕಿಂತ ಹಿಂದಿನದು.

ಅಡವಿನ ಕಾಗದ ಸಿಕ್ಕಿತೆಂದರೆ ಕೆಲವರಿಗೆ ಸಂಕೋಚವಾಗುವುದು. ನಮ್ಮ ಮನೆಯವರು ಸಾಲಗಾರರಾಗಿದ್ದರೆಂದು ಅಚ್ಚಿನಲ್ಲಿ ಹಾಕುವುದೇ ಎಂದು ಕೇಳುವರು. ಸಾಲದ ಕಾಗದದಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಶ್ರವಣಬೆಳಗೊಳದಲ್ಲಿಯೇ ಶಕ ೧೫೫೬ರ, ಎಂದರೆ ೧೬೩೪ರ, ಒಂದು ಶಾಸನವಿದೆ. ಬೆಳಗೊಳದ ದೇವಸ್ವದ ಭೂಮಿಯನ್ನು ಸ್ಥಾನಿಕರು ವರ್ತಕರಿಗೆ ಅಡವು ಇಟ್ಟುಬಿಟ್ಟಿದ್ದರು. ಮೈಸೂರಿನ ಚಾಮರಾಜ ಒಡೆಯರು ಸಾಲ ಕೊಟ್ಟ ವರ್ತಕರನ್ನು ಕರೆಯಿಸಿ ಆ ಸಾಲವನ್ನು ತಾವೇ ತೀರಿಸುವುದಾಗಿ ಹೇಳಿದಾಗ, ಆ ವರ್ತಕರು ತಮ್ಮ ತಂದೆ ತಾಯಿಗಳಿಗೆ ಪುಣ್ಯವಾಗಲೆಂದು ಅಡವನ್ನು ಬಿಟ್ಟುಕೊಟ್ಟರು. ಗೊಮ್ಮಟನಾಥನ ಸನ್ನಿಧಿಯಲ್ಲಿ ಇದು ನಡೆಯಿತು. ಮುಂದೆ ಯಾರೂ ದೇವಸ್ವವನ್ನು ಅಡವು ಇಡಕೂಡದು, ಅಡವಿನ ಮೇಲೆ ಸಾಲ ಕೊಡಲೂ ಕೂಡದು ಎಂದು ಕಟ್ಟುಮಾಡಲಾಯಿತು. ಸಾಲಕ್ಕೆ ಸಿಕ್ಕಿದ ಭೂಮಿಯ ಕಥೆ, ಸಾಲ ಬಿಟ್ಟ ವರ್ತಕರ ಹೆಸರು ಎರಡನ್ನೂ ಕಲ್ಲಿನಲ್ಲಿ ಕೊರೆಯಿಸಿದ ನಮ್ಮ ಹಿರಿಯರಿಗೆ ಇಲ್ಲದ ಸಂಕೋಚ ನಮಗೇಕೆ? ವರ್ತಕನಾದ ನನಗೆ ಬೆಳಗೊಳದ ನೂರಾರು ಶಾಸನಗಳ ಪೈಕಿ ಇದರಷ್ಟು ಮೆಚ್ಚಿಗೆಯಾದುದು ಇನ್ನೊಂದಿಲ್ಲ.

ಈಗ ೧೯೭೪ರ ಮಾತಿಗೆ ಬರುತ್ತೇನೆ. ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯಲ್ಲಿದ್ದ ಜಮೀನೆಲ್ಲವೂ ೧೯೭೪ರ ಮಾರ್ಚ್ ೧ರಂದು ಸರಕಾರಕ್ಕೆ ಸೇರಿತು. ಒಕ್ಕಲುಗಳು ಏಳನೆಯ ನಮೂನೆಯಲ್ಲಿ ಡಿಕ್ಲರೇಷನ್ ಸಲ್ಲಿಸಿ ಭೂನ್ಯಾಯಮಂಡಳಿಗಳ ಮೂಲಕ ಅದನ್ನು ಪಡೆದರು. ಅರ್ಜಿಯ ವಾಯಿದೆ ೧೯೭೯ರ ಜೂನ್ ೩೦ರವರೆಗೆ ಮುಂದುವರಿಯಿತು. ಗೇಣಿಯ ಅಕ್ಕಿಯನ್ನೇ ನಂಬಿದ್ದ ನಮ್ಮ ಎಷ್ಟೋ ಮನೆಗಳು, ಬಸದಿಗಳು ಕೂಡ, ಅದರಿಂದ ಬಡವಾದವು. ಉತ್ತವನಿಗೆ ಭೂಮಿ ಸಿಕ್ಕಿದುದು ನ್ಯಾಯವೇ ಎಂಬುದನ್ನೂ ಒಪ್ಪಬೇಕು. ಆ ಚರ್ಚೆ ಮುಗಿದುಹೋದದ್ದು. ಅದನ್ನು ಇಲ್ಲಿ ಎತ್ತುವುದಿಲ್ಲ. ನಾನು ಹೇಳಬೇಕಾದುದು ಅದರ ಹಿಂದೆಯೇ ಬಂದ ಇನ್ನೊಂದು ನಷ್ಟವನ್ನು. ಜಾಗ ಹೋದ ಮೇಲೆ ಗೇಣಿ ಪುಸ್ತಕಗಳನ್ನೂ ಚೀಟುಗಳ ಕಟ್ಟುಗಳನ್ನೂ ಬೇಸರದಿಂದ ಅಟ್ಟಕ್ಕೆ ಎಸೆದರು. ಗೆದ್ದಲು ತಿಂದುದು ತಿಂದಿತು. ಉಳಿದುದು ಸ್ನಾನದ ಒಲೆಗೆ ಹೋಯಿತು, ತೂಕಕ್ಕೆ ಹೋಯಿತು. ದಿನಸಿ ಅಂಗಡಿಗಳಲ್ಲಿ ಬೆಲ್ಲ ಕಟ್ಟುವ ಕಾಗದದ ಮೇಲೆ ಹಳೆಯ ದಪ್ಪ ಶಾಯಿಯ ಅಕ್ಷರಗಳನ್ನು ನಾನೇ ಚಿಕ್ಕಂದಿನಲ್ಲಿ ನೋಡಿದ್ದೇನೆ. ಧವಲ, ಜಯಧವಲದ ತಾಡವಾಲೆಗಳನ್ನು ಶತಮಾನಗಳವರೆಗೆ ಕಾಪಾಡಿದ ಮೂಡುಬಿದಿರೆಯ ಸೀಮೆಯವರು ನಾವು. ನಮ್ಮ ಅಜ್ಜಿಯಂದಿರ ಹೆಸರಿದ್ದ ಕಾಗದಗಳನ್ನು ಒಂದು ತಲೆಮಾರಿನ ಕಾಲ ಇಟ್ಟುಕೊಳ್ಳಲು ನಮಗೆ ಮನಸ್ಸಾಗಲಿಲ್ಲ.

ಆ ಗೇಣಿ ಪುಸ್ತಕಗಳಲ್ಲಿದ್ದುದು ನಮ್ಮ ಇತಿಹಾಸವೊಂದೇ ಅಲ್ಲ. ಕೆಲವು ವರ್ಷಗಳ ಹಿಂದೆ ನನ್ನ ತಾಯಿಯ ಮನೆಯ ಗೇಣಿ ಪುಸ್ತಕವೊಂದು ಉಳಿದಿರುವ ಸುದ್ದಿ ತಿಳಿದು, ಹಿಂದೆ ನಮ್ಮಲ್ಲಿ ಚಾಲಗೇಣಿ ಒಕ್ಕಲಾಗಿದ್ದ ಮನೆಯ ಒಬ್ಬ ತರುಣ ಅಧ್ಯಾಪಕರು ನನ್ನ ಅಂಗಡಿಗೆ ಬಂದರು. ಅವರಿಗೆ ಜಾಗದ ತಕರಾರೇನೂ ಇರ‍ಲಿಲ್ಲ. ಅದು ಎಂದೋ ಅವರ ಹೆಸರಿಗೆ ಆಗಿದೆ. ಅವರಿಗೆ ಬೇಕಾಗಿದ್ದುದು ತಮ್ಮ ಮುತ್ತಜ್ಜಿಯ ಹೆಸರು. ಅದು ಅವರ ಮನೆಯಲ್ಲಿ ಯಾವ ಕಾಗದದಲ್ಲಿಯೂ ಇರಲಿಲ್ಲ. ನಮ್ಮ ಪುಸ್ತಕದಲ್ಲಿತ್ತು: ಆಕೆ ಇಷ್ಟು ಮುಡಿ ಅಕ್ಕಿ ತಂದಳು, ಹಬ್ಬದ ಕಾಣಿಕೆಯ ಬಾಳೆಗೊನೆ ಒಂದು, ಕುಂಬಳಕಾಯಿ ಎರಡು, ಬಾಕಿ ಇಷ್ಟು. ಗಂಡ ತೀರಿಹೋದ ವರ್ಷ ಗೇಣಿ ಬಾಕಿಯಾದುದೂ, ಮುಂದೆ ನಾಲ್ಕು ವರ್ಷ ಆಕೆಯೇ ತಂದು ಸಲ್ಲಿಸಿದುದೂ ಅದರಲ್ಲಿದೆ. ಅವರು ಆ ಪುಟದ ಮುಂದೆ ಬಹಳ ಹೊತ್ತು ಕುಳಿತಿದ್ದರು. ನಮ್ಮ ಮನೆಯವರು ಆ ಪುಸ್ತಕವನ್ನು ಒಲೆಗೆ ಹಾಕಿದ್ದರೆ ಎರಡು ಮನೆಗಳ ಹಿರಿಯರು ಒಟ್ಟಿಗೆ ಸುಟ್ಟುಹೋಗುತ್ತಿದ್ದರು. ಆ ತರುಣರಿಂದ ನನಗೂ ಲಾಭವಾಯಿತು. ನಮ್ಮ ಅಜ್ಜಿಯ ಸೋದರಮಾವನವರು ಯಾವ ಕೋಣೆಯಲ್ಲಿ ಕುಳಿತು ಗೇಣಿ ಅಳೆಯಿಸುತ್ತಿದ್ದರು, ಮಾತು ಹೇಗಿತ್ತು, ಕೋಪ ಹೇಗಿತ್ತು ಎಂಬುದೆಲ್ಲ ಅವರ ಮನೆಯಲ್ಲಿ ಇಂದಿಗೂ ನೆನಪಿದೆ. ನಮ್ಮ ಮನೆಯಲ್ಲಿ ಇಲ್ಲ.

ಇದೇ ಕಾರಣದಿಂದ ಭೂನ್ಯಾಯಮಂಡಳಿಯ ಕಡತಗಳು ಬಹಳ ಬೆಲೆಯುಳ್ಳವು. ಅರ್ಜಿದಾರನ ಹೇಳಿಕೆ, ಧಣಿಯ ಹೇಳಿಕೆ, ನೆರೆಯವರ ಸಾಕ್ಷ್ಯ, ಗೇಣಿ ರಶೀದಿ, ಸ್ಥಳದ ಮಹಜರು ಇವೆಲ್ಲ ಅವುಗಳಲ್ಲಿವೆ. ಯಾವಾಗಿನಿಂದ ಗೇಣಿ, ಆಗ ಯಜಮಾನರು ಯಾರು, ಅವರ ಹಿಂದೆ ಯಾರು ಎಂಬ ಪ್ರಶ್ನೆಗಳಿಗೆ ಪ್ರಮಾಣ ಮಾಡಿ ಕೊಟ್ಟ ಉತ್ತರಗಳಿವೆ. ಕೆಲವು ಉತ್ತರಗಳು ದಾವೆ ಗೆಲ್ಲುವುದಕ್ಕಾಗಿ ಹೇಳಿದವು. ಅದನ್ನು ತೂಗಿ ನೋಡಬೇಕು. ಹಾಗೆಯೇ ಈ ಕಾಗದಗಳನ್ನು ಹುಡುಕಲು ಹೋಗುವವರು, ತಾವು ಬಂದುದು ಜಾಗಕ್ಕಾಗಿ ಅಲ್ಲವೆಂಬುದನ್ನು ಈಗ ಆ ಭೂಮಿಯಲ್ಲಿರುವವರಿಗೆ ಮೊದಲೇ ತಿಳಿಸುವುದು ಸೌಜನ್ಯವಷ್ಟೇ ಅಲ್ಲ, ಅವಶ್ಯಕವೂ ಹೌದು.

ದಾಖಲೆಗಳು ಎಲ್ಲಿವೆಯೆಂದು ಕೇಳುವವರಿಗೆ ಆಡಳಿತದ ಗಡಿಗಳು ಬದಲಾದುದನ್ನು ತಿಳಿಸಬೇಕು. ೧೮೬೨ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಹೋಯಿತು. ದಕ್ಷಿಣ ಕನ್ನಡ ಮದರಾಸಿನಲ್ಲಿಯೇ ೧೯೫೬ರ ನವೆಂಬರ್ ೧ರವರೆಗೆ ಇದ್ದಿತು. ಆದುದರಿಂದ ನಮ್ಮ ಜಿಲ್ಲೆಯ ಕಂದಾಯ ಮಂಡಳಿಯ ಹಳೆಯ ಕಾಗದಗಳಿಗೆ ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರವನ್ನು ನೋಡಬೇಕಾಗುವುದು. ಕಾಸರಗೋಡು ೧೯೫೬ರಲ್ಲಿ ಕೇರಳಕ್ಕೆ ಸೇರಿದುದರಿಂದ ಮಂಜೇಶ್ವರದ ಕಡೆಯ ನಮ್ಮವರ ಜಾಗದ ದಾಖಲೆಗಳು ಆ ರಾಜ್ಯದಲ್ಲಿವೆ. ೧೯೯೭ರಲ್ಲಿ ಉಡುಪಿ ಜಿಲ್ಲೆಯಾದಾಗ ಕಾರ್ಕಳ ಅಲ್ಲಿಗೆ ಸೇರಿತು. ಆದರೆ ಹಿಂದೆ ಕಾರ್ಕಳ ತಾಲೂಕಿನಲ್ಲಿದ್ದ ಮೂಡುಬಿದಿರೆ ದಕ್ಷಿಣ ಕನ್ನಡದಲ್ಲಿಯೇ ಉಳಿಯಿತು. ಪತ್ರದಲ್ಲಿ ಬರೆದಿರುವ ತಾಲೂಕಿನ ಹೆಸರನ್ನು ಇಂದಿನ ತಾಲೂಕೆಂದು ಭಾವಿಸಿ ಹೋದರೆ ವ್ಯರ್ಥ ಪ್ರಯಾಣವಾದೀತು.

ಮನೆಯಲ್ಲಿರುವ ಕಾಗದಗಳಿಗೆ ದೊಡ್ಡ ವ್ಯವಸ್ಥೆಯೇನೂ ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ನಮ್ಮ ಮಳೆಗಾಲದಲ್ಲಿ ಒಳಗೊಳಗೆ ಬೆವೆತು ಬೂಸು ಹಿಡಿಯುವುದು. ಹತ್ತಿಯ ಬಟ್ಟೆಯಲ್ಲಿ ಸುತ್ತಿ, ನೆಲಕ್ಕೂ ಗೋಡೆಗೂ ತಾಗದಂತೆ ಮರದ ಪೆಟ್ಟಿಗೆಯಲ್ಲಿಟ್ಟು, ವರ್ಷಕ್ಕೊಮ್ಮೆ ನೆರಳಿನಲ್ಲಿ ಗಾಳಿಗೆ ಹರಡಿದರೆ ಸಾಕು. ಹರಿದುದನ್ನು ಅಂಟುಪಟ್ಟಿಯಿಂದ ಜೋಡಿಸಬಾರದು. ಪ್ರತಿಯೊಂದರ ಛಾಯಾಚಿತ್ರ ತೆಗೆದು, ಅದರ ಜೊತೆಗೆ ಒಂದು ಹಾಳೆಯಲ್ಲಿ ಪತ್ರದ ಬಗೆ, ಸಂವತ್ಸರ, ಬರೆದುಕೊಟ್ಟವರು, ಬರೆಸಿಕೊಂಡವರು, ಗದ್ದೆಯ ಹೆಸರು, ಸಾಕ್ಷಿಗಳು, ಕಂಡುಬಂದ ಹೆಂಗಸರ ಹೆಸರು ಇಷ್ಟನ್ನು ಬರೆದಿಡಬೇಕು. ಹೆಂಗಸರ ಹೆಸರಿನ ಸಾಲನ್ನು ಮೊದಲೇ ಗೆರೆ ಹಾಕಿ ಇಟ್ಟುಕೊಳ್ಳದಿದ್ದರೆ ಅದು ಬಿಟ್ಟುಹೋಗುತ್ತದೆ. ಈ ಹಳೆಯ ಬರಹವನ್ನು ಸರಾಗವಾಗಿ ಓದಬಲ್ಲ ಶಾನುಭೋಗರ ಮನೆತನದ ಹಿರಿಯರು ಕೆಲವರು ಇನ್ನೂ ಇದ್ದಾರೆ. ಶಾನುಭೋಗಿಕೆ ೧೯೬೩ರಲ್ಲಿಯೇ ರದ್ದಾದರೂ ತಂದೆಯ ಮಗ್ಗುಲಲ್ಲಿ ಕುಳಿತು ಕಲಿತ ಅಕ್ಷರ ಅವರಿಗೆ ಮರೆತಿಲ್ಲ. ಆದರೆ ಅವರೆಲ್ಲರೂ ಎಂಬತ್ತು ದಾಟಿದವರು. ಬೇಸಗೆ ಮುಗಿಯುವುದರೊಳಗೆ ಅವರ ಮನೆಗೆ ಹೋಗಬೇಕು. ಹೋಗುವಾಗ ಕಾಗದವನ್ನು ಕೈಯಲ್ಲಿಯೇ ಕೊಂಡೊಯ್ಯಿರಿ, ಫೋನಿನ ಚಿತ್ರವನ್ನು ಓದಲು ಅವರ ಕಣ್ಣಿಗೆ ಆಗದು.